ಒಂದು ಟಿಬಿ ಜಾಗ

ಹೆಣ್ಣು ನೋಡಲು ಬಂದ ದಿನ ಬೀಜಾಡಿಯ ಮನೆಯಲ್ಲಿ ಶ್ರಾವ್ಯಳ ಕಂಪ್ಯೂಟರ್ ಕಂಡು ರತನ್ ಚಾ ಕುಡಿಯುವುದನ್ನೇ ಮರೆತಿದ್ದ. "ನೀವೂ ಗೇಮ್ ಆಡ್ತ್ರಿಯಾ?" ಎಂದು ಕೇಳಿದ. ಅಲ್ಲಿಯವರೆಗೆ ಬಂದುಹೋದ ಗಂಡುಗಳಲ್ಲಿ ಆ ಮಾತನ್ನು ನಗಾಡದೆ ಕೇಳಿದವನು ಅವನೊಬ್ಬನೇ. ಶ್ರಾವ್ಯ ಅಷ್ಟಕ್ಕೇ ಒಪ್ಪಿದಳು.

ಅವಳದು ಒಂದೇ ಆಟ, ಊರು ಕಟ್ಟುವುದು. ಪಿಯುಸಿ ಮುಗಿದ ರಜೆಯಲ್ಲಿ ಬರೀ ಮರಳ ದಂಡೆಯ ಮೇಲೆ ಶುರು ಮಾಡಿದ ಊರಿಗೆ ಒಂಬತ್ತು ವರ್ಷಗಳಲ್ಲಿ ಎರಡು ಸೇತುವೆ, ಒಂದು ಬಂದರು, ಹದಿನಾಲ್ಕು ಬಸ್ ರೂಟು ಬಂದಿದ್ದವು. ಕೋಟೇಶ್ವರದ ಝೆರಾಕ್ಸ್ ಅಂಗಡಿಯ ಕೆಲಸ ಮುಗಿಸಿ ಬಂದವಳು ಯಾವುದಾದರೂ ಒಂದು ಬೀದಿ ಸರಿಮಾಡದೆ ಊಟಕ್ಕೆ ಏಳುತ್ತಿರಲಿಲ್ಲ.

ಮದುವೆಯಾಗಿ ನಾವುಂದಕ್ಕೆ ಹೊರಟಾಗ ಕಂಪ್ಯೂಟರನ್ನು ತಮ್ಮನಿಗೆ ಬಿಟ್ಟು, ಆ ಊರಿದ್ದ ಒಂದು ಟಿಬಿಯ ಹಾರ್ಡ್ ಡಿಸ್ಕ್ ಮಾತ್ರ ಬಿಚ್ಚಿ ಸೀರೆಗಳ ನಡುವೆ ಇಟ್ಟು ಒಯ್ದಳು. ರತನ್‌ನ ಕಂಪ್ಯೂಟರಿನಲ್ಲಿ ಎರಡು ಡಿಸ್ಕ್ ಇದ್ದವು. ಇದು ಮೂರನೆಯದಾಯಿತು.

ರತನ್‌ಗೆ ಹೆದ್ದಾರಿ ಬದಿಯಲ್ಲಿ ಹೋಟೆಲು. ಮಧ್ಯಾಹ್ನದ ಊಟದ ಗಡಿಬಿಡಿ ಮುಗಿಸಿ ಮನೆಗೆ ಬಂದರೆ ಆರು ಗಂಟೆಯವರೆಗೂ ಆಟ. ಇಳಿಸಿಕೊಳ್ಳುವುದು ಗೊತ್ತೇ ಹೊರತು ಇಟ್ಟುಕೊಳ್ಳುವುದು ಗೊತ್ತಿರಲಿಲ್ಲ. ಒಂದೊಂದು ಆಟವೂ ನೂರು, ನೂರೈವತ್ತು ಜಿಬಿ. ಶ್ರಾವ್ಯ ಒಂದು ವಾರ ಕೂತು ಓರಣ ಮಾಡಿದಳು. ಈಗ ಆಡುವುದನ್ನು ವೇಗದ ಡಿಸ್ಕಿನಲ್ಲಿಟ್ಟಳು, ಆಡಿ ಬಿಟ್ಟದ್ದನ್ನು ಹಳೆಯದಕ್ಕೆ ಸಾಗಿಸಿದಳು. ಯಾವ ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದಾನೆ ಎಂಬ ಸೇವ್ ಫೈಲುಗಳನ್ನೆಲ್ಲ ಹಳೆ ಡಿಸ್ಕಿನಲ್ಲೇ 'ಆರ್-೧' ಎಂಬ ಫೋಲ್ಡರಿಗೆ ಹಾಕಿದಳು. ಎಲ್ಲವೂ ಪುಕ್ಕಟೆ ಇಳಿಸಿದ ಕಳ್ಳ ಪ್ರತಿಗಳು. ಹಾಗಾಗಿ ಇಲ್ಲಿ ಸೇವ್ ಅಳಿದರೆ ಆಟದ ಕಂಪನಿಯ ಬಳಿಯೂ ನಕಲು ಇರುವುದಿಲ್ಲ.

"ಹೆಣೆ, ನಂಗೊಂದ್ ನೂರಿಪ್ಪತ್ತ್ ಜಿಬಿ ಜಾಗ ಮಾಡಿ ಕೊಡ್" ಎನ್ನುವುದು ಪ್ರತಿ ಶನಿವಾರದ ಮಾತಾಯಿತು. ಅವಳು ಮಾಡಿಕೊಡುತ್ತಿದ್ದಳು. ಅವಳಿಗೆ ಮಾತ್ರ ಕುರ್ಚಿ ಸಿಗುತ್ತಿರಲಿಲ್ಲ. ಅವನು ಏಳುವ ಹೊತ್ತಿಗೆ ಅಡುಗೆಮನೆ ಕಾಯುತ್ತಿತ್ತು. ಒಂದು ಬೆಳಿಗ್ಗೆ ಕೂತಾಗ ಅತ್ತೆ ಗಿರಿಜಾ ಬಾಗಿಲಲ್ಲಿ ನಿಂತು, "ಗಂಡಸ್ರ್ ಆಡುದ್ ಸಮ. ನಿಂಗೆಂತಕೆ ಅದೆಲ್ಲ?" ಎಂದರು. ರತನ್‌ಗೆ ಹೇಳಿದರೆ, "ಅಮ್ಮ ಹೇಳುದೆಲ್ಲ ಮನ್ಸಿಗ್ ಹಾಕಣ್ಬೇಡ" ಎಂದು ಹೆಡ್‌ಫೋನ್ ಏರಿಸಿಕೊಂಡ.

ಆಷಾಢದಲ್ಲಿ ನಾಲ್ಕು ದಿನ ತವರಿಗೆ ಹೋಗಿ ಬಂದಳು. ಬಂದು ನೋಡಿದರೆ ತನ್ನ ಡಿಸ್ಕಿಗೆ ಬೇರೆ ಹೆಸರು.

"ಇದ್ರಲ್ಲಿದ್ದದ್ದ್ ಎಲ್ಲಿ?"

"ಅದಾ? ಫಾರ್ಮ್ಯಾಟ್ ಮಾಡ್ದೆ. ಜಾಗ ಇರ್ಲಿಲ್ಲೆ ಮಾರಾಯ್ತಿ. ನೀನ್ ಹ್ಯಾಂಗೂ ಆಡುದಿಲ್ಲೆ ಅಲ್ದಾ?"

"ಅದ್ರ್ ಮೇಲೆ ಎಂತಾರೂ ಹಾಕಿದ್ರ್ಯಾ? ಖಾಲಿ ಇದ್ರೆ ವಾಪಾಸ್ ತೆಗುಕ್ ಆತಿತ್ತ್."

"ಆರ್ ಗೇಮ್ ಹಾಕಿ ಆಯ್ತ್" ಎಂದ ಅವನು, ಪರದೆಯಿಂದ ಕಣ್ಣು ತೆಗೆಯದೆ. "ಬೇಕಾರೆ ಇನ್ನೊಂದ್ ಊರ್ ಕಟ್ಟ್."

ಶ್ರಾವ್ಯ ಚೀಲದ ಬಟ್ಟೆಗಳನ್ನು ತೆಗೆದು ಕಪಾಟಿನಲ್ಲಿಟ್ಟಳು. ಜನ ಸತ್ತರೆ ಅಳಬಹುದು. ಕಂಪ್ಯೂಟರಿನ ಊರಿಗೆ ಅತ್ತರೆ ಯಾರೆದುರು ಹೇಳಿಕೊಳ್ಳುವುದು?

ಮುಂದಿನ ಶನಿವಾರ ಅವನು ಜಾಗ ಕೇಳಿದಾಗ, "ನೀವೇ ಮಾಡ್ಕಣಿ" ಎಂದಳು. ಅವನು ಗೊಣಗುತ್ತ ಮೌಸ್ ಎಳೆದುಕೊಂಡ. ಅವಳು ಹಿಂದೆ ಮಂಚದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಳು. ಹಳೆ ಡಿಸ್ಕಿನಲ್ಲಿ ತನಗೆ ಗುರುತಿಲ್ಲದ ಫೋಲ್ಡರುಗಳನ್ನೆಲ್ಲ ಅವನು ಒಟ್ಟಿಗೆ ಆರಿಸಿದ. ಅವುಗಳಲ್ಲಿ ಆರ್-೧ ಕೂಡ ಇತ್ತು.

"ಇದೆಲ್ಲ ಬೇಡ್ದಿದ್ದ್ ಅಲ್ದಾ?" ತಿರುಗದೆಯೇ ಕೇಳಿದ.

ಅವಳು ಲುಂಗಿಯ ಅಂಚನ್ನು ಅಂಚಿಗೆ ಕೂಡಿಸಿ ಕೈಯಲ್ಲಿ ಒತ್ತಿದಳು. ಅವನು ಎಲ್ಲವನ್ನೂ ಪೂರ್ತಿ ಅಳಿಸಿ, ಅದೇ ಜಾಗಕ್ಕೆ ಹೊಸ ಆಟ ಇಳಿಸಲು ಹಚ್ಚಿದ. ಮೂರು ಗಂಟೆ ಬೇಕೆಂದು ತೋರಿಸಿತು. ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಯಾವುದರ ಮೇಲೆ ಏನು ಬೀಳುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎದ್ದುಹೋಗಿ ಚಾ ಮಾಡಿ ತಂದುಕೊಟ್ಟಳು.

ಮರುದಿನ ಮಧ್ಯಾಹ್ನ ಕೋಣೆಯಿಂದ ಕೂಗು ಬಂತು. "ಹ್ವಾಯ್, ಇಲ್ ಬಾ! ಎಂಟ್ ತಿಂಗ್ಳ್ ಆಡಿದ್ದ್ ಎಲ್ಲಿ?"

"ನಿನ್ನೆ ನೀವ್ ಅಳ್ಸಿದ್ರಲ್ಲಿ ಹೋಯ್ತ್."

ಅವನು ಕುರ್ಚಿ ತಿರುಗಿಸಿದ. "ನಿಂಗ್ ಗೊತ್ತಿದ್ದಿತ್ತಾ?"

"ಗೊತ್ತಿದ್ದಿತ್ತ್."

"ಕಂಡ್ಕಂಡ್ ಸುಮ್ನೆ ಕೂತ್ಯಾ?"

"ಹೌದ್."

ಗದ್ದಲ ಕೇಳಿ ಗಿರಿಜಾ ಬಂದು, "ಎಂತ ಆಯ್ತಾ ಮಗಾ?" ಎಂದು ವಿಚಾರಿಸಿದರು. "ಎಂತ ಇಲ್ಲೆ" ಎಂದು ಅವನು ಮುಖ ಆಚೆ ಮಾಡಿದ. ಮೂವತ್ತೆರಡರ ಗಂಡಸಿನ ಕಣ್ಣು ತುಂಬಿತ್ತು. ಇದನ್ನು ನೋಡಿದರೆ ತನಗೆ ಹಿತವಾದೀತು ಎಂದುಕೊಂಡಿದ್ದಳು ಶ್ರಾವ್ಯ. ಆಗಲಿಲ್ಲ. ಆ ನೋವು ಎಂಥದ್ದೆಂದು ಆ ಮನೆಯಲ್ಲಿ ಬಲ್ಲವಳು ಅವಳೊಬ್ಬಳೇ. ಅವನಿಗೋ, ಈಗಲೂ ಅವಳ ಡಿಸ್ಕಿನ ನೆನಪಾಗಲಿಲ್ಲ.

ಸೋಮವಾರ ಕಂಪ್ಯೂಟರಿಗೆ ಪಾಸ್‌ವರ್ಡ್ ಬಿತ್ತು. ಆ ವಾರವೇ ಕುಂದಾಪುರದಿಂದ ರಿಪೇರಿಯವನು ಬಂದು ನಾಲ್ಕು ಟಿಬಿಯ ಹೊಸ ಡಿಸ್ಕ್ ಕೂರಿಸಿದ. ಹಳೆಯ ಮೂರನ್ನೂ ತೆರೆದು ನೋಡಿ, "ಲಾಯ್ಕ್ ಮಾಡಿ ಇಟ್ಟಿದ್ರಿ. ಯಾರ್ ಮಾಡಿದ್ದ್?" ಎಂದ.

"ನಾನೇ" ಎಂದ ರತನ್.

ಶ್ರಾವ್ಯ ಚಾದ ಲೋಟಗಳನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.