ಗೆಜ್ಜೆಪುರದ ಅತ್ತೆಗೆ ಕಟ್ಟಿದ ಕಾಯಿ

"ಸೀರಿಯಲ್ ಹೆಂಗಸಿನ ಮೇಲೆ ಚೌಡಿಗೆ ಕಾಯಿ ಕಟ್ಟಿ ಬಂದ್ಯಾ? ನಿಂಗೆ ತಲೆ ಸಮ ಇದ್ಯಾ?"

ನನ್ನ ಗಂಡ ಹೊನ್ನಪ್ಪ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಅಂಗಳದಿಂದಲೇ ಶುರು ಮಾಡಿದರು.

"ಕಟ್ಟಿದೆ. ಎಂತ ಈಗ?"

"ಎಂತ ಈಗ ಅಂತೆ. ಸಿದ್ದಾಪುರ ಸಂತೇಲಿ ಪೂಜಾರಿ ಸಿಕ್ಕಿದ್ದ. ನಾಲ್ಕು ಜನರ ಎದ್ರಿಗೆ ಕೇಳ್ತಾನೆ, ನಿಮ್ಮನೇಲಿ ಎಂತ ಅನ್ಯಾಯ ಆತು, ನಿನ್ನ ಹೆಂಡ್ತಿ ಅತ್ಕಂತ ಬಂದು ಕಾಯಿ ಕಟ್ಸಿ ಹೋದ್ಲು ಅಂತ. ಯಾರ ಮೇಲೆ ಕಟ್ಟಿದ್ದು ಅನ್ನೂದನ್ನ ನಿನ್ನ ಸೀರಿಯಲ್ ಗ್ರೂಪಿನವರ ಗಂಡಂದಿರು ಹೇಳಿದ್ರು. ನಕ್ಕಂತ ಹೇಳಿದ್ರು."

"ನಗ್ಲಿ. ನೀವು ಕ್ರಿಕೆಟ್ಟಲ್ಲಿ ಸೋತ ದಿನ ಊಟ ಬಿಟ್ಟು ಮಲಗ್ತ್ರಿ. ನಾ ಯಾವತ್ತಾದ್ರೂ ನಕ್ಕಿದ್ನಾ?"

"ಕ್ರಿಕೆಟ್ ಸೋತಿದ್ದಕ್ಕೆ ನಾ ದೇವರ ಹತ್ರ ಹೋಗ್ಲಿಲ್ಲ."

"ಧೈರ್ಯ ಇಲ್ಲ, ಅದಕ್ಕೆ ಹೋಗ್ಲಿಲ್ಲ."

ನಾನು ಹೀಗೆಯೇ. ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತೇನೆ. ಏಳನೇ ಕ್ಲಾಸಿನ ತನಕ ಊರ ಶಾಲೆಯಲ್ಲಿ ಕಲಿತವಳು, ನಯವಾಗಿ ಮಾತಾಡುವುದನ್ನು ಅಲ್ಲಿ ಯಾರೂ ಕಲಿಸಲಿಲ್ಲ. ಆದರೆ ಸೀರಿಯಲ್ ವಿಷಯದಲ್ಲಿ ನನ್ನ ಜೊತೆ ವಾದಕ್ಕೆ ನಿಲ್ಲುವವರು ಇಸಳೂರಿನಲ್ಲಿ ಇಲ್ಲ. ಏಳು ಗಂಟೆಗೆ ‘ಬೆಳ್ಳಿ ಬಟ್ಟಲು’. ಅದರಲ್ಲಿ ತಂಗಿಯ ಪಾತ್ರ ಮಾಡುವ ಹುಡುಗಿ ಕಣ್ಣಿಗೆ ಔಷಧಿ ಹಾಕಿಕೊಂಡು ಅಳುವವಳಲ್ಲ, ನಿಜವಾಗಿ ಅಳುತ್ತಾಳೆ. ಅಳುವ ಮೊದಲು ಅವಳ ಮೂಗಿನ ತುದಿ ಕೆಂಪಾಗುವುದನ್ನು ನಾನೇ ಮೊದಲು ಗುರುತಿಸಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದು. ಶನಿವಾರ, ಭಾನುವಾರ ಮಕ್ಕಳು ಹಾಡುವ ಕಾರ್ಯಕ್ರಮ. ಅಲ್ಲಿ ಕೂತ ದೊಡ್ಡವರು ಎಲ್ಲ ಮಕ್ಕಳಿಗೂ ಒಂದೇ ಹೊಗಳಿಕೆ ಹೇಳುತ್ತಾರೆ. ನಾನು ಕ್ಯಾಲೆಂಡರಿನ ಹಿಂದೆ ನನ್ನದೇ ಮಾರ್ಕು ಬರೆದಿಡುತ್ತೇನೆ, ಕೊನೆಗೆ ನನ್ನ ಮಾರ್ಕೇ ಸರಿಯಾಗಿರುತ್ತದೆ.

ಎಂಟು ಗಂಟೆಗೆ ‘ಗೆಜ್ಜೆಪುರದ ಸೊಸೆ’. ಅದರ ಮುಂದೆ ಉಳಿದವೆಲ್ಲ ಸಪ್ಪೆ. ಬೇರೆ ಸೀರಿಯಲ್ಲುಗಳಲ್ಲಿ ಖಾಲಿ ಲೋಟವನ್ನು ಬಾಯಿಗೆ ಹಿಡಿದು ಚಾ ಕುಡಿದಂತೆ ಮಾಡುತ್ತಾರೆ. ಗೆಜ್ಜೆಪುರದಲ್ಲಿ ಲೋಟದೊಳಗೆ ಚಾ ಇರುತ್ತದೆ, ಹಬೆ ಕಾಣಿಸುತ್ತದೆ. ಪಾತ್ರೆಯ ತಳ ಕಪ್ಪಾಗಿರುತ್ತದೆ. ಸೊಸೆ ಪಾವನಿ ನೆಲ ಒರೆಸಿ ಎದ್ದರೆ ಸೀರೆ ಮಂಡಿಯ ಹತ್ತಿರ ಒದ್ದೆಯಾಗಿರುತ್ತದೆ. ಅದನ್ನು ತೆಗೆಯುವವರು ಯಾರೋ ಮನೆಗೆಲಸ ಮಾಡಿದವರೇ ಇರಬೇಕು. ಅತ್ತೆ ಅಂಬುಜವಲ್ಲಿಯಂತೂ ಬಂದು ನಿಂತರೆ ನನಗೆ ಕೂತಲ್ಲೇ ಹಲ್ಲು ಕಚ್ಚುವಷ್ಟು ಸಿಟ್ಟು. ಅಷ್ಟು ಚೆನ್ನಾಗಿ ಮಾಡುತ್ತಾಳೆ.

ಆ ಗುರುವಾರ ಅಂಬುಜವಲ್ಲಿ ಬಸುರಿ ಪಾವನಿಯನ್ನು ಮನೆಯಿಂದ ಹೊರಗೆ ಹಾಕಿದಳು. ಮಾತೇ ಇಲ್ಲ. ಬಾಗಿಲು ಹಾಕಿಕೊಂಡಿತು, ಒಳಗಿನ ಚಿಲಕವನ್ನು ಒಂದು ನಿಮಿಷ ತೋರಿಸಿದರು, ಮುಗಿಯಿತು. ನನ್ನ ಪಕ್ಕದಲ್ಲಿ ಕೂತು ನೋಡುತ್ತಿದ್ದ, ನನ್ನನ್ನು ಹೆತ್ತ ಅವ್ವ ಕೂಡ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. "ಪಾಪ, ಬಸುರಿ ಹುಡುಗಿ" ಎಂದಳು. ಮಾರನೇ ದಿನ ನಾನು ಸಿದ್ದಾಪುರದ ಬಸ್ಸು ಹತ್ತಿ ನನ್ನ ತವರೂರಿನ ಗಡಿದೇವತೆ ಚೌಡಿಯ ಹತ್ತಿರ ಹೋದೆ. ನಮ್ಮ ಕಡೆ ಕೈಗೆ ಸಿಗದವರು ಅನ್ಯಾಯ ಮಾಡಿದರೆ ಹೀಗೆಯೇ. ಊರ ಗಡಿಯ ಮರಕ್ಕೆ ಕೆಂಪು ಬಟ್ಟೆಯಲ್ಲಿ ಕಾಯಿ ಕಟ್ಟಿಸಿ, ಆದ ಅನ್ಯಾಯ ಹೇಳಿ ಬರುವುದು. ಇಪ್ಪತ್ತೊಂದು ದಿನದೊಳಗೆ ತಪ್ಪು ಮಾಡಿದವರಿಗೆ ತಾಯಿ ತೋರಿಸಿಕೊಡುತ್ತಾಳೆ.

ಇವರು ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತರು. ದನಿ ಇಳಿಯಿತು.

"ಕಾಯಿ ಕಟ್ಟುವಾಗ ಎಂತ ಹೇಳ್ದೆ? ಹೆಸರು ಹೇಳಿದ್ಯಾ?"

"ಪೂಜಾರಿ ಎದ್ರು ಟೀವಿ ಹೆಂಗಸಿನ ಹೆಸರು ಹ್ಯಾಂಗೆ ಹೇಳೂದು? ಬಸುರಿ ಸೊಸೇನ ಹೊರಗೆ ಹಾಕಿದವಳಿಗೆ ತೋರ್ಸು ತಾಯಿ ಅಂದೆ. ಅಷ್ಟೆ."

"ಚೌಡಿ ಹತ್ರ ಟೀವಿ ಇಲ್ಲ ಮಾರಾಯ್ತಿ. ಅವಳು ಊರಲ್ಲಿ ಹುಡುಕ್ತಾಳೆ." ಇವರು ಗದ್ದವೆತ್ತಿ ಒಳಕೋಣೆಯ ಕಡೆ ತೋರಿಸಿದರು. "ಬಸುರಿ ಸೊಸೇನ ಹೊರಗೆ ಹಾಕಿದವಳು ಆ ಊರಲ್ಲಿ ಯಾರು? ನಿನ್ನ ಅವ್ವನೇ ಅಲ್ದಾ?"

ಒಳಗೆ ಅವ್ವ ಕೆಮ್ಮಿದಳು. "ನೇತ್ರಾ, ಎಂಟಾತು. ಟೀವಿ ಹಾಕು" ಎಂದಳು.

ಹನ್ನೊಂದು ವರ್ಷದ ಹಿಂದೆ ಅವ್ವ ನನ್ನ ತಮ್ಮ ದರ್ಶನನ ಹೆಂಡತಿ ಮಹೇಶ್ವರಿಯನ್ನು ಹೊರಗೆ ಹಾಕಿದ್ದಳು. ಆಗ ಅವಳಿಗೆ ಐದು ತಿಂಗಳು. ದರ್ಶನ ಲಾರಿ ತೆಗೆದುಕೊಂಡು ಹುಬ್ಬಳ್ಳಿಗೆ ಹೋಗಿದ್ದ. ಬಂದ ಮೇಲೆ ಒಂದು ಸಲ ಕರೆಯಲು ಹೋದ, ಅವಳು ಬರಲಿಲ್ಲ. ಈಗ ಅವನು ಇನ್ನೊಂದು ಮದುವೆಯಾಗಿ ಗೋವಾದಲ್ಲಿದ್ದಾನೆ, ಅವ್ವ ನನ್ನ ಹತ್ತಿರ ಇದ್ದಾಳೆ. ಇದನ್ನು ನಾನು ಮರೆತಿದ್ದೆ ಎಂದರೆ ಸುಳ್ಳು. ಆದರೆ ಪಾವನಿಯನ್ನು ನೋಡಿ ಅಳುವಾಗ ಒಂದು ಸಲವೂ ನೆನಪಾಗಿರಲಿಲ್ಲ. ಅದು ಸತ್ಯ.

ಅಂದು ಆರನೇ ದಿನ. ಇನ್ನು ಹದಿನೈದು ಉಳಿದಿದ್ದವು.

ಮರುದಿನವೇ ಪೂಜಾರಿಯ ಹತ್ತಿರ ಓಡಿದೆ. ಕಾಯಿ ಬಿಚ್ಚಿಕೊಡು, ಅದು ಸೀರಿಯಲ್ಲಿನ ಹುಡುಗಿಗಾಗಿ ಕಟ್ಟಿದ್ದು ಎಂದೆ. ಅವನು ನಗಲಿಲ್ಲ.

"ಕಟ್ಟಿದವರಷ್ಟೇ ಬಂದ್ರೆ ಬಿಚ್ಚೂಕೆ ಬರೂದಿಲ್ಲ ಅಕ್ಕ. ನೊಂದವಳು ಬಂದು, ನನ್ನ ಮನಸ್ಸಲ್ಲಿ ಎಂತ ಇಲ್ಲ ಅಂತ ಹೇಳಿ ಕಾಯಿ ಮುಟ್ಟಬೇಕು. ಟೀವಿಯವಳನ್ನಾದ್ರೂ ಕರಕಂಡು ಬಾ, ಮನೆಯವಳನ್ನಾದ್ರೂ ಕರಕಂಡು ಬಾ."

ಮನೆಗೆ ಬಂದು ಅವ್ವನನ್ನು ಕಾಯತೊಡಗಿದೆ. ಬಚ್ಚಲಿಗೆ ಹೋದರೆ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಅವಳ ಕಾಲಿಗೆ ಏನಾದರೂ ತಾಗಿದರೆ ಕೂಡಲೇ ತೋಳು ಹಿಡಿಯುತ್ತಿದ್ದೆ. "ಯಾಕೆ ಹಿಂಗೆ ನನ್ನ ಬೆನ್ನಿಗೆ ಅಂಟ್ಕಂಡಿದ್ದೀಯೆ, ನಾ ಎಂತ ಓಡಿ ಹೋಗ್ತ್ನಾ?" ಎಂದು ಅವ್ವ ಬೈದಳು. ಟೀವಿಯನ್ನು ಅವಳು ಹಾಕಿಸಿಕೊಂಡು ನೋಡುತ್ತಿದ್ದಳು. ನನಗೆ ಪರದೆಯ ಕಡೆ ಕಣ್ಣೆತ್ತಲು ಆಗುತ್ತಿರಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದೆ. ಗ್ರೂಪಿನವರು, "ನೇತ್ರಕ್ಕ ಎಲ್ಲಿ, ಇವತ್ತು ಗೆಜ್ಜೆಪುರದ ಬಗ್ಗೆ ಎಂತ ಹೇಳ್ತ್ರಿ" ಎಂದು ಕೇಳಿದರು.

ಒಂಬತ್ತನೇ ದಿನ ಬೆಳಿಗ್ಗೆ ದೋಸೆ ತಿನ್ನುತ್ತ ಕೂತಿದ್ದ ಅವ್ವನ ಕೈಯಿಂದ ದೋಸೆ ಜಾರಿತು. ಎತ್ತಿಕೊಳ್ಳಲು ಹೋದಳು, ಕೈ ಏಳಲಿಲ್ಲ. "ನೇತ್ರಾ" ಎಂದಳು, ಹೆಸರು ನೆಟ್ಟಗೆ ಬರಲಿಲ್ಲ. ಬಾಯಿ ಎಡಕ್ಕೆ ಹೋಗಿತ್ತು.

ಶಿರಸಿಯ ಆಸ್ಪತ್ರೆಯಲ್ಲಿ ಎರಡು ರಾತ್ರಿ ಇಟ್ಟುಕೊಂಡರು. ಬಿಪಿ ಏರಿ ಆಗಿದ್ದು, ಸಣ್ಣದರಲ್ಲಿ ಹೋಯಿತು, ಇನ್ನೊಂದು ಸಲ ಆದರೆ ಕಷ್ಟ ಎಂದು ಡಾಕ್ಟರು ಹೇಳಿದರು. ಅವರ ಮಾತಿನಲ್ಲಿ ನನಗೆ ಕೇಳಿಸಿದ್ದು ಇನ್ನೊಂದು ಸಲ ಎಂಬುದು ಮಾತ್ರ. ಇವರು ಒಂದು ಸಲವೂ, ನಾ ಹೇಳಿರ್ಲಿಲ್ವಾ ಎನ್ನಲಿಲ್ಲ. ಹೇಳಿದ್ದರೆ ಜಗಳವಾದರೂ ಆಡುತ್ತಿದ್ದೆ.

ಹನ್ನೆರಡನೇ ದಿನ ಅವ್ವನನ್ನು ಇವರಿಗೆ ಬಿಟ್ಟು ಯಲ್ಲಾಪುರಕ್ಕೆ ಹೋದೆ. ಮಹೇಶ್ವರಿ ಅಲ್ಲಿ ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕಿದ್ದಾಳೆ ಎಂದು ಯಾರೋ ಹೇಳಿದ್ದು ಗೊತ್ತಿತ್ತು. ಮಂಚಿಕೇರಿ ದಾಟುವ ತನಕ ಅವಳ ಎದುರು ಏನು ಹೇಳಬೇಕು ಎಂದು ಜೋಡಿಸಿಕೊಂಡೆ. ಸೀರಿಯಲ್ಲಿನವರ ಮಾತುಗಳೇ ನೆನಪಿಗೆ ಬಂದವು, ನನ್ನದು ಒಂದೂ ಬರಲಿಲ್ಲ. ಬಂದದ್ದು ಒಂದೇ, ನಾನು ಅಂದು ಮಾಡಿದ್ದು. ಸಿದ್ದಾಪುರ ಬಸ್‌ಸ್ಟ್ಯಾಂಡಿನಲ್ಲಿ ಅವಳು ಯಾರದೋ ಬೈಕಿನ ಹಿಂದೆ ಕೂತಿದ್ದನ್ನು ನೋಡಿ, ನೇರ ತವರಿಗೆ ಹೋಗಿ ಅವ್ವನ ಕಿವಿಗೆ ಹಾಕಿದವಳು ನಾನು. "ಹೊಟ್ಟೇಲಿರೂದು ಯಾರದ್ದು ಅಂತ ವಿಚಾರ್ಸು" ಎಂದೂ ಹೇಳಿದ್ದೆ. ಬೈಕಿನವನು ಅವಳ ಸೋದರಮಾವನ ಮಗ, ತಪಾಸಣೆಗೆ ಕರೆದುಕೊಂಡು ಹೋಗಿದ್ದ. ಅದು ಗೊತ್ತಾಗಿದ್ದು ಒಂದು ತಿಂಗಳ ಮೇಲೆ. ಗೊತ್ತಾದ ಮೇಲೂ ನಾವು ಸುಮ್ಮನಿದ್ದೆವು.

ನೀಲಿ ಅಂಗಿ ಹಾಕಿಕೊಂಡು ಅವಳು ಮರದ ನಾಟಾ ಹೇರಿದ ಒಂದು ಲಾರಿಗೆ ಡೀಸೆಲ್ ಹಾಕುತ್ತಿದ್ದಳು. ಪೈಪನ್ನು ತೂಗುಹಾಕಿ ತಿರುಗಿದಳು.

"ಅತ್ತಿಗೆ" ಎಂದಳು. ಹನ್ನೊಂದು ವರ್ಷದ ಮೇಲೂ ಹಾಗೆಯೇ ಕರೆದಳು.

ಅವ್ವನಿಗೆ ಹುಷಾರಿಲ್ಲ, ಅವಳ ಮೇಲೆ ಚೌಡಿಗೆ ಕಟ್ಟಿದ ಕಾಯಿ ಒಂದಿದೆ, ನೀನು ಬಂದು ಮುಟ್ಟಿದರೆ ಬಿಚ್ಚಲು ಬರುತ್ತದೆ ಎಂದೆ.

"ಯಾರು ಕಟ್ಟಿದ್ದು?"

"ಅದೆಲ್ಲ ಆಮೇಲೆ ಹೇಳ್ತೆ. ಬಂದು ಹೋಗು ಮಹೇಶ್ವರಿ. ನಿನ್ನ ಕಾಲು ಬೇಕಾದ್ರೂ ಹಿಡೀತೆ."

"ಕಾಲು ಹಿಡೀಬೇಡಿ. ಇಲ್ಲಿ ಎಲ್ಲರೂ ನೋಡ್ತಿದ್ರು." ಹಿಂದಿನ ಲಾರಿಯವನು ಹಾರ್ನ್ ಹಾಕಿದ. ಅವಳು ಅವನಿಗೆ ಕೈ ತೋರಿಸಿ ನಿಲ್ಲಿಸಿದಳು. "ಅತ್ತೆಗೆ ಮಾತು ಬತ್ತಿದ್ಯಾ?"

"ಸ್ವಲ್ಪ."

"ನಂಗೆ ಮುಂದಿನ ಮಂಗಳವಾರ ರಜೆ. ಶ್ರೀವಾಣಿನ ಶಾಲೆಗೆ ಕಳ್ಸಿ ಬತ್ತೆ."

ಶ್ರೀವಾಣಿ ಅವಳ ಮಗಳು. ಹೆಸರು ಏನೆಂದು ನನಗೆ ಗೊತ್ತಾಗಿದ್ದು ಅಲ್ಲಿಯೇ.

ಮುಂದಿನ ಮಂಗಳವಾರ ಎಂದರೆ ಹತ್ತೊಂಬತ್ತನೇ ದಿನ. ಆ ಏಳು ದಿನವನ್ನು ನಾನು ಹೇಗೆ ಕಳೆದೆನೋ. ಅವ್ವ ನಿದ್ದೆಹೋದರೆ ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದೆ. ಆ ವಾರವೇ ಗೆಜ್ಜೆಪುರದಲ್ಲಿ ಅಂಬುಜವಲ್ಲಿ ಹೋಗಿ ಪಾವನಿಯ ಕೈ ಹಿಡಿದು ಅತ್ತಳಂತೆ, ಪಾವನಿ ಮನೆಗೆ ಬಂದಳಂತೆ. ಗ್ರೂಪಿನಲ್ಲಿ ಎಲ್ಲರೂ ನನ್ನ ಕಾಯಿಯೇ ಕೆಲಸ ಮಾಡಿತು ಎಂದು ಬರೆದಿದ್ದರು. ಓದಿ ಫೋನನ್ನು ಬೋರಲು ಹಾಕಿದೆ.

ಮಂಗಳವಾರ ಹನ್ನೊಂದು ಗಂಟೆಗೆ ಇವರು ಅವ್ವನನ್ನು ಬಾಡಿಗೆ ಕಾರಿನಲ್ಲಿ ತಂದು, ಚೌಡಿಯ ಮರದ ಎದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಮಹೇಶ್ವರಿ ಬಸ್ಸಿಳಿದು ನಡೆದು ಬಂದಳು. ಬರುವುದಿಲ್ಲ ಎಂದೇ ನಾನು ಹೆದರಿದ್ದೆ. ಅವಳನ್ನು ನೋಡಿದ ಕೂಡಲೇ ಅವ್ವ ಸರಿ ಇದ್ದ ಕೈಯನ್ನು ಚಾಚಿದಳು. ಬಾಯಿಂದ ಬಂದ ಮಾತು ನನಗೂ ತಿಳಿಯಲಿಲ್ಲ. ಮಹೇಶ್ವರಿಗೆ ತಿಳಿಯಿತೋ ಏನೋ, ಕುರ್ಚಿಯ ಹತ್ತಿರ ಕೂತು ಆ ಕೈಯನ್ನು ಹಿಡಿದುಕೊಂಡಳು. ತುಂಬ ಹೊತ್ತು ಹಿಡಿದುಕೊಂಡಳು. ಮುಗಿಯಿತು, ಅವ್ವ ಉಳಿದಳು ಎಂದುಕೊಂಡೆ.

ಪೂಜಾರಿ ಕೊಂಬೆ ಬಗ್ಗಿಸಿದ. "ಬಾ ತಂಗಿ, ಇಲ್ಲಿ ಕೈ ಇಡು. ಕಟ್ಟಿದವರು ಒಂದು ಬದಿ ಹಿಡೀಬೇಕು, ನೊಂದವರು ಒಂದು ಬದಿ. ನೇತ್ರಕ್ಕ, ಬಾ."

ಮಹೇಶ್ವರಿ ನನ್ನ ಕಡೆ ತಿರುಗಿದಳು.

"ಕಟ್ಟಿದ್ದು ನೀವಾ ಅತ್ತಿಗೆ?"

ನಾನೇ ಎಂದು ತಲೆ ಆಡಿಸಿದೆ.

"ನಿಮ್ಮ ಅವ್ವನ ಮೇಲೇ ಕಟ್ಟಿದ್ರಾ? ನನ್ನ ಸಲುವಾಗಿ?" ಅವಳ ಮುಖ ಪೂರ್ತಿ ಬೇರೆಯಾಯಿತು. ಮದುವೆಯ ಮೊದಲ ವರ್ಷ ಹಾಗೆ ಕಾಣುತ್ತಿದ್ದಳು. "ಬೈಕಿನ ಸುದ್ದಿ ಹೇಳಿದ್ದು ನೀವೇ ಅಂತ ನಂಗೆ ಗೊತ್ತಿತ್ತು. ಒಂದಲ್ಲ ಒಂದು ದಿನ ನಿಮಗೇ ತಪ್ಪಾತು ಅನ್ನಿಸ್ತದೆ ಅಂತ ನಮ್ಮವ್ವ ಹೇಳ್ತಿದ್ಲು. ನಾ ನಂಬಿರ್ಲಿಲ್ಲ."

ಹೌದು ಎಂದರೆ ಸಾಕಿತ್ತು. ಒಂದು ಮಾತು. ಆದರೆ ನನ್ನ ಕೈ ಆಗಲೇ ಕಾಯಿಯ ಮೇಲಿತ್ತು. ಚೌಡಿಯ ಎದುರು ಆ ಕಾಯಿ ಹಿಡಿದು ಸುಳ್ಳು ಹೇಳಿದರೆ ಅವ್ವನ ಗತಿ ಏನಾದೀತು, ನನ್ನ ಗತಿ ಏನಾದೀತು ಎಂದು ಹೆದರಿದೆ. ಇವರು ನೆಲ ನೋಡುತ್ತಿದ್ದರು. ಪೂಜಾರಿಗೆ ಎಲ್ಲ ಗೊತ್ತಿತ್ತು, ಅವನು ಕೊಂಬೆ ಹಿಡಿದು ನಿಂತಿದ್ದ.

"ನಿನ್ನ ಸಲುವಾಗಿ ಅಲ್ಲ" ಎಂದೆ. "ಟೀವಿಲಿ ಒಂದು ಹುಡುಗಿ. ಅವಳನ್ನ ಅತ್ತೆ ಹೊರಗೆ ಹಾಕಿದ್ಲು. ನಂಗೆ ತಡಕಂಬೂಕೆ ಆಗ್ಲಿಲ್ಲ."

ಮಹೇಶ್ವರಿ ಕಾಯಿಯ ಕಡೆ ಚಾಚಿದ್ದ ಕೈಯನ್ನು ನಿಧಾನವಾಗಿ ಹಿಂದೆ ತೆಗೆದುಕೊಂಡಳು.

"ಅವಳಿಗಾಗಿ ಅತ್ರಾ ಅತ್ತಿಗೆ?"

"ಹೌದು, ಅತ್ತಿದ್ದೆ."

"ಹೌದಾ" ಎಂದಳು. ನಂತರ ಪೂಜಾರಿಯ ಕಡೆ ನೋಡಿ, "ಕೈಕಾಲು ತೊಳ್ಕಂಡು ಬತ್ತೆ. ನಲ್ಲಿ ಎಲ್ಲಿದೆ?" ಎಂದು ಕೇಳಿದಳು.

ಅವನು ದಾರಿಯ ಕಡೆ ತೋರಿಸಿದ. ಅವಳು ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೋದಳು. ಕೈ ತೊಳೆಯಲು ಚೀಲ ಯಾಕೆ ಎಂದು ನನಗೆ ಹೊಳೆದಾಗ ಅವಳು ತಿರುವಿನ ಆಚೆ ಹೋಗಿ ಆಗಿತ್ತು. ಹಿಂದೆ ಓಡಬೇಕು ಎಂದುಕೊಂಡೆ. ಕಾಯಿ ಬಿಟ್ಟರೆ ಏನಾಗುತ್ತದೋ ಎಂದು ಕೈ ತೆಗೆಯಲಿಲ್ಲ.

ನಲ್ಲಿಯ ಸದ್ದು ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಮೇಲಿನ ರಸ್ತೆಯಲ್ಲಿ ಬಸ್ಸು ನಿಂತು ಹೊರಟ ಸದ್ದು ಕೇಳಿಸಿತು. ಪೂಜಾರಿಗೆ ಕೈ ಸೋತಿರಬೇಕು, ಕೊಂಬೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡ. ಅವ್ವ ಸೊಟ್ಟ ಬಾಯಲ್ಲಿ ಎರಡು ಸಲ ಅದನ್ನೇ ಕೇಳಿದಳು, ಬಂದ್ಲಾ, ಬಂದ್ಲಾ ಎಂದು.

"ಬತ್ತಾಳೆ ಅವ್ವಾ" ಎಂದೆ.

ಮಧ್ಯಾಹ್ನ ಎರಡು ಗಂಟೆಯ ತನಕ ಕಾದೆವು. ಮಹೇಶ್ವರಿ ಬರಲಿಲ್ಲ.