ಯಾರೂ ತುಳಿಯದ ಜಾಗ

"ಎಡಗೈಲಿ ಹಿಡ್ಕೊಂಡಿದ್ದೀಯಲ್ಲೇ, ದರಿದ್ರದವಳೇ. ಹೋಮದ ಭಸ್ಮ ಕಣೇ ಅದು, ನಿಮ್ಮಪ್ಪನ ಮನೆ ಒಲೆ ಬೂದಿ ಅಲ್ಲ."

ಡಾಕ್ಟರ್ ಕೃಷ್ಣಸ್ವಾಮಿಯವರು ನನ್ನನ್ನು ಬೈಯುತ್ತಿದ್ದರೆ ಅವರ ತಲೆಯ ಮೇಲೆ ಹೊಗೆಯ ಅಲಾರಂ ಅರಚುತ್ತಿತ್ತು. ಇಬ್ಬರಲ್ಲಿ ಯಾರ ದನಿ ದೊಡ್ಡದೆಂದು ತಿಳಿಯದೆ ನನಗೆ ನಗು ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡೆ. ನಗು ಒಮ್ಮೆ ಹತ್ತಿದರೆ ನನಗೆ ಬೇಗ ಇಳಿಯುವುದಿಲ್ಲ, ಹುಟ್ಟಿದಾಗಿನಿಂದ ಅದೊಂದು ಕಾಯಿಲೆ.

ಹೋಮ ನಡೆದದ್ದು ಮಳೆಗಾಗಿ. ಅಕ್ಟೋಬರ್ ಮುಗಿಯುತ್ತ ಬಂದಿದ್ದರೂ ನ್ಯೂಜೆರ್ಸಿಯಲ್ಲಿ ಹನಿ ಬಿದ್ದಿರಲಿಲ್ಲ. ನಾವಿದ್ದ ಪೈನ್ ಕಾಡಿನ ಸೀಮೆಯಲ್ಲಿ ಬಯಲಲ್ಲಿ ಯಾರೂ ಬೆಂಕಿ ಹಚ್ಚಬಾರದೆಂದು ಸರ್ಕಾರದ ಆದೇಶವಿತ್ತು. ಆದ್ದರಿಂದ ಡಾಕ್ಟರು ಕಾರುಗಳನ್ನು ಹೊರಗೆ ನಿಲ್ಲಿಸಿ, ಗರಾಜಿನ ಬಾಗಿಲನ್ನು ಮೊಣಕಾಲೆತ್ತರದವರೆಗೆ ಇಳಿಸಿ, ಕದ್ದುಮುಚ್ಚಿ ವರುಣನನ್ನು ಕರೆದರು. ಮೆಟುಚೆನ್‌ನಿಂದ ಬಂದ ನೆಂಟರೆಲ್ಲ ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು. ಭಕ್ತಿ ಉಕ್ಕಿತೇನೋ ಅಂದುಕೊಂಡೆ, ನೋಡಿದರೆ ಹೊಗೆ. ಅಮರೇಶ್ವರ ಏಣಿ ಹತ್ತಿ ಅಲಾರಮ್ಮಿನ ಬಾಯಿಗೆ ಪ್ಲಾಸ್ಟಿಕ್ ಕವರು ಕಟ್ಟಿದ. ಅವನು ನಮ್ಮ ಕೊಪ್ಪಳದ ಕಡೆಯವನೇ. ವಾರವೆಲ್ಲ ರಾಬಿನ್ಸ್‌ವಿಲ್‌ನ ಗೋದಾಮಿನಲ್ಲಿ ಡಬ್ಬ ಎತ್ತುತ್ತಾನೆ, ಭಾನುವಾರ ಡಾಕ್ಟರ ಹುಲ್ಲು ಕತ್ತರಿಸುತ್ತಾನೆ.

ಬೂದಿ ಎರಡು ದೊಡ್ಡ ಅಲ್ಯುಮಿನಿಯಂ ಟ್ರೇ ತುಂಬಿತ್ತು. ಹಾಲು ಚಿಮುಕಿಸಿ ಆರಿಸಿದ್ದರು.

"ತಗೊಂಡ್ಹೋಗಿ ಹಿತ್ತಲ ಹೊಂಡದ ಹತ್ರ ಹಾಕು," ಎಂದರು ಡಾಕ್ಟರು.

"ಹೊಂಡಕ್ಕ ಬ್ಯಾಡ್ರಿ ಸಾಹೇಬ್ರ. ಆ ಗಿಡದ ಇಲಾಖಿ ಮೇಡಂ ಹೇಳ್ಯಾರಲ್ರಿ, ಬೂದಿಗೆ ಗಿಡ ಸಾಯ್ತಾವ."

"ನಿನಗೆ ಸಂಬಳ ಕೊಡೋದು ಆ ಮೇಡಮ್ಮೇನೇ?"

ಸಂಬಳವನ್ನು ನನಗೆ ಮೇಡಮ್ಮೂ ಕೊಡುತ್ತಿರಲಿಲ್ಲ, ಡಾಕ್ಟರೂ ಕೊಡುತ್ತಿರಲಿಲ್ಲ.

ನಾನು ಹುಲಿಗೆವ್ವ. ಹಾಸಿಗೆ ಹಿಡಿದಿದ್ದ ಡಾಕ್ಟರ ತಾಯಿಯ ಉಚ್ಚೆ, ಹೇಲು ಬಳಿಯಲು ನನ್ನನ್ನು ಕರೆತಂದದ್ದು. ಮುದುಕಿ ಒಂದೇ ವರ್ಷಕ್ಕೆ ಹೋಯಿತು. ನನ್ನ ವೀಸಾ ಅದರ ಹಿಂದೆಯೇ ಹೋಯಿತು. ನಾನು ಮಾತ್ರ ಉಳಿದೆ. ನನ್ನ ಪಾಸ್‌ಪೋರ್ಟು ದೇವರ ಮನೆಯ ಡ್ರಾಯರಿನಲ್ಲಿದೆ. ಆ ಕೋಣೆಗೆ ನನಗೆ ಪ್ರವೇಶವಿಲ್ಲ. ಹೊಸ್ತಿಲಿನವರೆಗೆ ನಾನು ಗುಡಿಸುತ್ತೇನೆ, ಅಲ್ಲಿಂದ ಆಚೆಗೆ ಡಾಕ್ಟರ ಹೆಂಡತಿ ಉಷಮ್ಮನವರೇ ಪೊರಕೆ ಇಸಿದುಕೊಳ್ಳುತ್ತಾರೆ. ಪೊರಕೆಗೂ ಮೊದಲು ನೀರು ಚಿಮುಕಿಸುತ್ತಾರೆ.

ಹೊಂಡ ಇರುವುದು ಹಿತ್ತಲಿನ ತುದಿಯಲ್ಲಿ. ಅಲ್ಲಿ ಸಕ್ಕರೆಯಂಥ ಬಿಳಿ ಮರಳು, ಚಹಾದ ಬಣ್ಣದ ನೀರು, ಮುಟ್ಟಿದರೆ ಹತ್ತುವ ಕರಿ ಕೆಸರು. ಜೋಳ ಬಿತ್ತಿದರೆ ನಾಚಿಕೊಂಡು ಸಾಯುವಂಥ ಹುಳಿ ನೆಲ. ಆ ಕೆಟ್ಟ ನೆಲದ ಅಂಚಿನಲ್ಲಿ ಒಂದು ಗಿಡ ಬೆಳೆಯುತ್ತದೆ. ಗೇಣುದ್ದದ ಕಡ್ಡಿ, ದಾರದಂಥ ಎಲೆ, ನೆತ್ತಿಯ ಮೇಲೆ ಕಡುನೀಲಿ ಹೂವು. ಇಂಥ ಹೂವು ಲೋಕದಲ್ಲೇ ಅಪರೂಪವೆಂದು ಹೇಳಿ ಗಿಡದ ಇಲಾಖೆಯ ಮೇಡಂ ಸುತ್ತ ಹಗ್ಗ ಕಟ್ಟಿ ಹೋಗಿದ್ದರು. ಡಾಕ್ಟರು ಬಂದವರಿಗೆಲ್ಲ ಅದನ್ನು ತೋರಿಸುವರು, ತಾವೇ ಹೆತ್ತ ಹಾಗೆ.

ಯಾರೂ ಕಾಲಿಡಬಾರದೆಂದು ಹಗ್ಗ ಕಟ್ಟಿದ್ದೇ ತಪ್ಪಾಯಿತು. ಹೋಮದ ಬೂದಿ, ನಿರ್ಮಾಲ್ಯ, ಅಭಿಷೇಕದ ಹಾಲು, ಜೇನು ಎಲ್ಲವೂ ಯಾರೂ ತುಳಿಯದ ಜಾಗಕ್ಕೆ ಹೋಗಬೇಕು. ಊರಲ್ಲಾದರೆ ಹೊಳೆಯಿದೆ. ಇಲ್ಲಿ ಹಗ್ಗದ ಒಳಗಿನ ನೆಲ ಒಂದೇ ಸಿಕ್ಕಿತು. ಮಗನ ಗ್ರೀನ್ ಕಾರ್ಡಿಗೆ ಹೋಮ, ಮಗಳ ಮದುವೆಗೆ ಹೋಮ, ಹೊಸ ಕಾರಿಗೆ ಹೋಮ. ನಾಲ್ಕು ವರ್ಷ ನಾನೇ ಹೊತ್ತೆ. ಗೊಬ್ಬರವಲ್ಲವೇ, ಉಂಡು ಬೆಳೆಯಲಿ ಎಂದು ಬುಡಬುಡಕ್ಕೇ ಸುರಿದೆ.

ಮೇಡಂ ಹೋದ ತಿಂಗಳು ಬಂದು ಮಂಡಿಯೂರಿ ಎಣಿಸಿದರು. ಮೊದಲ ವರ್ಷ ಇನ್ನೂರಿದ್ದವು. ಈಗ ಹನ್ನೊಂದು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಮರೇಶ್ವರ ತನಗೆ ತಿಳಿದಷ್ಟು ಬಿಡಿಸಿ ಹೇಳಿದ. "ವರ್ಷಾ ವರ್ಷಾ ಬಿಸಲ ಏರಾಕತ್ತೈತಂತ, ನೆಲದಾಗಿನ ನೀರ ಇಳಿಯಾಕತ್ತೈತಂತ. ಅದ್ಕ ಅರ್ಧ ಸತ್ತಾವು. ಉಳಿದಾವನ್ನ ಬೂದಿ ತಿಂದೈತಿ. ಇವು ಹುಳಿ ಮಣ್ಣಾಗ ಉಪಾಸ ಇದ್ದು ಬದುಕೋ ಗಿಡ. ಉಣಿಸಿದ್ರ ಸಾಯ್ತಾವ. ಇನ್ನೊಂದ್ಸಲ ಬೂದಿ ಬಿದ್ರ ಒಂದೂ ಉಳಿಯಂಗಿಲ್ಲಂತ."

ಉಣಿಸಿದರೆ ಸಾಯುವ ಗಿಡ ಎಂದು ಕೇಳಿ ನಾನು ಬಿದ್ದು ಬಿದ್ದು ನಕ್ಕೆ. ಮೇಡಂ ನಗಲಿಲ್ಲ. ಬೂದಿ ಹಾಕಿದ್ದು ಯಾರೆಂದು ಕೇಳಿದರು. ಡಾಕ್ಟರು ನನ್ನ ಕಡೆ ಬೆರಳು ತೋರಿಸಿ, "ದೀಸ್ ಪೀಪಲ್, ನೋ ಎಜುಕೇಶನ್," ಎಂದರು. ಅಷ್ಟು ಇಂಗ್ಲಿಷು ನನಗೂ ಬರುತ್ತದೆ. ಬೆರಳೇನೋ ಸುಳ್ಳಲ್ಲ, ನೂರರ ಹತ್ತಿರ ಗಿಡ ನನ್ನ ಕೈಯಲ್ಲೇ ಸತ್ತಿದ್ದವು. ಅವತ್ತು ರಾತ್ರಿ ಉಣ್ಣಲಾಗಲಿಲ್ಲ. ಮರುದಿನ ಬೆಳಗಿನಿಂದ ಪೀಪಾಯಿಯ ಹಳೇ ಮಳೆನೀರನ್ನು ತಂಬಿಗೆ ತಂಬಿಗೆ ಹೊತ್ತು ಹನ್ನೊಂದಕ್ಕೂ ಕುಡಿಸುತ್ತ ಬಂದೆ.

ಈಗ ಮತ್ತೆ ಬೂದಿ.

"ಈ ಒಂದ್ಸಲ ಬ್ಯಾರೆ ಕಡೆ ಹಾಕ್ತೀನ್ರಿ," ಎಂದೆ. "ಹನ್ನೊಂದ ಉಳದಾವ್ರಿ."

"ಬೋಳಿಮಗಳೇ, ನಿನ್ ಜಾತಿಯವಳು ನನಗೆ ಶಾಸ್ತ್ರ ಹೇಳ್ಕೊಡೋಕೆ ಬರ್ತೀಯಾ? ಒಂದು ಫೋನ್ ಮಾಡಿದ್ರೆ ಪೊಲೀಸ್ ಬಂದು ಎತ್ತಾಕ್ಕೊಂಡು ಹೋಗ್ತಾರೆ, ಗೊತ್ತಾ?"

ಪುರೋಹಿತರು ದಕ್ಷಿಣೆಯ ಕವರನ್ನು ಮಡಿಸಿಕೊಳ್ಳುತ್ತ ಹೇಳಿದರು. "ಒಟ್ಟಿನಲ್ಲಿ ಯಾರೂ ತುಳಿಯದ ಜಾಗ ಆಗಬೇಕಮ್ಮ. ಭಸ್ಮ ತುಳಿದರೆ ಯಜಮಾನರಿಗೇ ದೋಷ. ಮಳೆ ಹಾಗಿರಲಿ, ವಂಶಕ್ಕೇ ಒಳ್ಳೆಯದಲ್ಲ."

ಒಂದು ಟ್ರೇ ನಾನು ಹೊತ್ತೆ, ಇನ್ನೊಂದನ್ನು ಅಮರೇಶ್ವರ. ಹೊಂಡದವರೆಗೂ ಹೋದೆವು. ನೀರು ಮೊನ್ನೆಗಿಂತ ಮೊಳದಷ್ಟು ಹಿಂದೆ ಸರಿದಿತ್ತು. ಕೆಸರಿನಲ್ಲಿ ಪಾದ ಮುಳುಗಿತು. ಹನ್ನೊಂದೂ ಬಾಯಿ ಬಿಟ್ಟು ನಿಂತಿದ್ದವು, ನೀಲಿ ಬಾಯಿ. ನನ್ನ ತಂಬಿಗೆಯ ನೀರು ಕುಡಿದು ಬದುಕಿದವು. ಅವುಗಳ ಮುಂದೆ ಟ್ರೇ ಹಿಡಿದು ನಿಂತಾಗ ಪುರೋಹಿತರ ಮಾತು ತಲೆಯಲ್ಲಿ ಒಂದು ಸುತ್ತು ಹಾಕಿತು. ಹೊಟ್ಟೆಯೊಳಗಿಂದ ನಗು ಎದ್ದಿತು.

ತಿರುಗಿ ಮನೆಯ ಕಡೆ ನಡೆದೆ.

"ಏ ಹುಲಿಗೆವ್ವ, ಎಲ್ಲಿಗಿ?"

"ನಾ ತುಳೀದಿರೋ ಜಾಗಕ್ಕ."

ಅವನಿಗೆ ಅರ್ಥವಾಗಲು ಅಡುಗೆಮನೆ ದಾಟಬೇಕಾಯಿತು. ಆಮೇಲೆ ಅವನೂ ನಗತೊಡಗಿದ. ಊಟದ ಎಲೆ ಹಾಕುತ್ತಿದ್ದ ಉಷಮ್ಮ, "ಹುಲಿಗೆವ್ವ, ಕಾಲು, ಕಾಲು," ಎನ್ನುತ್ತಲೇ ಇದ್ದರು. ನಾನು ಕರಿ ಕೆಸರು ಮೆತ್ತಿದ ಕಾಲಿನಲ್ಲೇ ಹಾಲ್ ದಾಟಿ, ಕಾರ್ಪೆಟ್ ದಾಟಿ, ದೇವರ ಮನೆಯ ಹೊಸ್ತಿಲನ್ನೂ ದಾಟಿದೆ. ಬಿಳಿ ಅಮೃತಶಿಲೆ ಕಾಲಿಗೆ ಎಷ್ಟು ತಣ್ಣಗಿತ್ತೆಂದರೆ ಕುಣಿಯಬೇಕೆನಿಸಿತು. ಒಂದೆರಡು ಹೆಜ್ಜೆ ಕುಣಿದೆ ಕೂಡ. ಅಮರೇಶ್ವರನ ಟ್ರೇಯನ್ನೂ ಇಸಿದುಕೊಂಡು, ಹೊಸ್ತಿಲಿನಿಂದ ದೇವರ ಮಂಟಪದ ಕಡೆಗೆ ಹಿಂದೆ ಹಿಂದೆ ಸರಿಯುತ್ತ ಎರಡೂ ಟ್ರೇ ಬೂದಿಯನ್ನು ಗೋಡೆಯಿಂದ ಗೋಡೆಗೆ ಹರಡಿದೆ. ರಂಗೋಲಿ ಹಾಕುವವರು ನೋಡಿ ಕಲಿಯಬೇಕಿತ್ತು.

ಕೊನೆಗೆ ಬೆನ್ನಿಗೆ ತಾಗಿದ್ದು ಡ್ರಾಯರು. ಎಳೆದೆ. ಕುಂಕುಮದ ಡಬ್ಬಿಗಳ ಅಡಿಯಲ್ಲಿ ನನ್ನ ಪಾಸ್‌ಪೋರ್ಟಿತ್ತು. ರವಿಕೆಯೊಳಗೆ ತುರುಕಿಕೊಂಡೆ.

ಡಾಕ್ಟರು ರೇಷ್ಮೆ ಪಂಚೆ ಎತ್ತಿ ಹಿಡಿದು ಓಡಿಬಂದರು. ಹಿಂದೆ ನೆಂಟರು, ನೆಂಟರ ಹಿಂದೆ ಪುರೋಹಿತರು. "ಎಳೆದು ಆಚೆ ಹಾಕ್ತೀನಿ ಮುಂಡೇನ," ಎಂದು ಕೂಗಿ ಹೊಸ್ತಿಲ ಮೇಲೆ ಬಲಗಾಲೆತ್ತಿದರು.

"ಯಜಮಾನರೇ, ಭಸ್ಮ," ಎಂದರು ಪುರೋಹಿತರು.

ಕಾಲು ಅಲ್ಲೇ ನಿಂತಿತು.

ನಾನು ದೇವರ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕೂತೆ. ಈಗ ನಗುವನ್ನು ತಡೆಯಲು ಸೆರಗೂ ಬೇಕೆನಿಸಲಿಲ್ಲ.

"ತುಳದ ಬರ್ರಿ ಸಾಹೇಬ್ರ," ಎಂದೆ. "ಇಲ್ಲಾ ಅಂದ್ರ ಅಲ್ಲೇ ನಿಂದರ್ರಿ. ಆ ಹನ್ನೊಂದಕ್ಕ ನೀರ ಹಾಕೋ ಹೊತ್ತಾತು, ಅಮರೇಶನ್ನ ಕಳಸ್ರಿ."

ಗರಾಜಿನಲ್ಲಿ ಕವರು ಕಳಚಿತೇನೋ, ಅಲಾರಂ ಮತ್ತೆ ಅರಚತೊಡಗಿತು. ಡಾಕ್ಟರು ಎತ್ತಿದ ಕಾಲನ್ನು ಒಳಗೂ ಇಡಲಾರದೆ ಹೊರಗೂ ಇಡಲಾರದೆ, ಬಾಗಿಲ ಚೌಕಟ್ಟು ಹಿಡಿದು ಒಂಟಿಗಾಲಿನಲ್ಲಿ ತೂಗಾಡುತ್ತಿದ್ದರು.