ಅಕ್ಕ ಬರೆಯದ ಅಮ್ಮ

ಡ್ರೈವಿಂಗ್ ಸ್ಕೂಲಿನ ಮೇಡಂಗೆ ಕೋಪ ಬಂದದ್ದನ್ನು ಕಾರು ಕಲಿಯಲು ಬಂದ ಯಾರೂ ಕಂಡಿರಲಿಲ್ಲ. ಕಲಿಯುವವರು ಗೋಡೆಗೆ ಗುದ್ದಲು ಹೊರಟರೂ ಆಕೆ ಕಿರುಚುತ್ತಿರಲಿಲ್ಲ. ತನ್ನ ಕಾಲಡಿಯ ಇನ್ನೊಂದು ಬ್ರೇಕು ಒತ್ತಿ, "ಮತ್ತೆ ಶುರು ಮಾಡಿ" ಎನ್ನುತ್ತಿದ್ದಳು. ಅದಕ್ಕೇ ಬೆನ್ನ ಹಿಂದೆ ಎಲ್ಲರೂ ಅವಳನ್ನು ಬ್ರೇಕಮ್ಮ ಎನ್ನುತ್ತಿದ್ದದ್ದು. ಅಂಥ ಬ್ರೇಕಮ್ಮ, ಮಣಿಕಟ್ಟಿನ ಪ್ಲಾಸ್ಟರು ಬಿಚ್ಚಿಸಿಕೊಂಡು ಮನೆಗೆ ಬಂದ ಬೆಳಿಗ್ಗೆ ಕೆಂಡಾಮಂಡಲವಾದಳು. ಅದೂ ಯಾರ ಮೇಲೆ? ಕಂಡವರೆಲ್ಲ ಒಳ್ಳೆಯವನೆನ್ನುವ ಗಂಡನ ಮೇಲೆ. ಒಳ್ಳೆಯವರ ಮೇಲೆ ಬರುವ ಕೋಪದಂಥ ದರಿದ್ರ ಕೋಪ ಇನ್ನೊಂದಿಲ್ಲ. ಬೈದರೆ ಬೈದವರೇ ಕೆಟ್ಟವರಾಗುತ್ತಾರೆ.

ಬ್ರೇಕಮ್ಮ ದಿನಾ ಬ್ಲಾಗ್ ಬರೆಯುತ್ತಿದ್ದಳು. ಮೊದಲ ಪಾಠಕ್ಕೆ ಹೊರಡುವ ಮುನ್ನ, ಅಡುಗೆಮನೆಯ ಮೇಜಿನ ಮೇಲಿನ ತಟ್ಟೆ ಲೋಟ ಪಕ್ಕಕ್ಕೆ ಸರಿಸಿ, ಹಿಂದಿನ ದಿನ ಕಾರಿನಲ್ಲಿ ನಡೆದದ್ದನ್ನು ಬರೆದು ಹಾಕುವಳು: ಗೇರು ಹಾಕುವಾಗಲೆಲ್ಲ ಉಸಿರು ಬಿಗಿಹಿಡಿಯುವ ಹಲ್ಲಿನ ಡಾಕ್ಟರು, ಪ್ರತಿ ತಿರುವಿನಲ್ಲೂ ಸೊಸೆಯನ್ನು ಬೈಯುವ ಅತ್ತೆ. ಶುರುವಿನಲ್ಲಿ ಬರೆದದ್ದನ್ನು ಓದಿದರೆ ಅವಳಿಗೇ ನಾಚಿಕೆಯಾಗುತ್ತಿತ್ತು. ಎಲ್ಲವೂ ಅದ್ಭುತ, ಎಲ್ಲರೂ ಸಹೃದಯರು. ಬರೆಯುತ್ತ ಬರೆಯುತ್ತ ಆ ಅಲಂಕಾರವೆಲ್ಲ ಉದುರಿ, ಮಾತು ಮಾತಿನ ಹಾಗೇ ಕೇಳಿಸತೊಡಗಿತು. ಅದಕ್ಕೆಂದೇ ಒಂದು ದಿನವೂ ಬಿಡದೆ ಬರೆಯುತ್ತಿದ್ದಳು. ಯಾಕೆಂದರೆ ಅವಳಿಗೆ ನಿಜವಾಗಿ ಬರೆಯಬೇಕಾಗಿದ್ದದ್ದು ಬೇರೆಯೇ ಒಂದಿತ್ತು, ಅದಕ್ಕೆ ಕೈ ಇನ್ನೂ ಪಳಗಿರಲಿಲ್ಲ.

ಅದು ಅಮ್ಮ ತೀರಿಕೊಂಡ ದಿನದ್ದು. ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಅಮ್ಮ ಇವಳ ಕೈಯಿಂದ ಫೋನ್ ಕಿತ್ತುಕೊಂಡು, "ಚಿಕ್ಕವಳನ್ನ ಕರೀಬೇಡ. ಬಂದ್ರೆ ಅಳ್ತಾಳೆ. ಅವಳನ್ನ ಸಮಾಧಾನ ಮಾಡೋಷ್ಟು ಶಕ್ತಿ ನಂಗಿಲ್ಲ ಕಣೇ" ಅಂದಿದ್ದಳು. ಸಂಜೆಯೊಳಗೆ ಹೋಗಿಬಿಟ್ಟಳು. ತಂಗಿ ಓಡಿ ಬರುವಷ್ಟರಲ್ಲಿ ಆ ಹಾಸಿಗೆಗೆ ಹೊಸ ಹೊದಿಕೆ ಹಾಸಿ ಆಗಿತ್ತು. "ನನ್ನ ಯಾಕೆ ಕರೀಲಿಲ್ಲ?" ಎಂದು ಕೇಳಿದರೆ ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಹೇಳಿದ್ದರೆ, ಅಮ್ಮನಿಗೆ ನೀನು ಬೇಡವಾಗಿದ್ದೆ ಎಂದೇ ತಂಗಿಯ ಕಿವಿಗೆ ಬೀಳುತ್ತಿತ್ತು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ ಕತೆಯಿಲ್ಲ. ಅಮ್ಮನ ಸುಸ್ತೂ ಕಾಣಬೇಕು, ಪ್ರೀತಿಯೂ ಕಾಣಬೇಕು, ಹಾಗೆ ಆ ಮಾತನ್ನು ಹೇಳುವುದು ಹೇಗೆ? ಅದನ್ನು ಕಲಿಯಲೆಂದೇ ಅವಳು ವರ್ಷಗಟ್ಟಲೆ ಡಾಕ್ಟರನ್ನೂ ಅತ್ತೆಯನ್ನೂ ಬರೆದದ್ದು.

ಅಷ್ಟರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿಯಿತು, ಬರವಣಿಗೆ ನಿಂತಿತು. ಬ್ಲಾಗ್ ನೋಡಿದರೆ ಹೊಟ್ಟೆ ಉರಿಯುತ್ತದೆಂದು ಅವಳು ಅದನ್ನು ತೆರೆಯಲೂ ಇಲ್ಲ.

ಪ್ಲಾಸ್ಟರು ಬಿಚ್ಚಿದ ಬೆಳಿಗ್ಗೆ ತಂಗಿಯ ಫೋನ್ ಬಂತು. "ಅಕ್ಕಾ, ಬ್ಲಾಗ್ ಓದ್ದೆ. ಅಮ್ಮ ನನ್ನ ಹೆಸರು ಹೇಳ್ತಾನೇ ಕಣ್ಮುಚ್ಚಿದ್ಲಾ? ನೀನು ನನಗೆ ಫೋನ್ ಮಾಡಿ ಮಾಡಿ, ಲೈನ್ ಸಿಗದೆ ಒದ್ದಾಡಿದ್ಯಾ? ನಾನು ಇಷ್ಟು ವರ್ಷ ನಿಂಗೆ ಶಾಪ ಹಾಕ್ಕೊಂಡೇ ಕೂತಿದ್ನಲ್ಲೇ!"

"ಆಮೇಲೆ ಮಾಡ್ತೀನಿ" ಎಂದು ಫೋನಿಟ್ಟು ಬ್ಲಾಗ್ ತೆರೆದಳು. ಒಂದು ದಿನವೂ ತಪ್ಪದ ಹಾಗೆ ಬರಹಗಳಿದ್ದವು. ಎಲ್ಲಕ್ಕಿಂತ ಮೇಲೆ ಅಮ್ಮ. ಹೊರಗೆ ತುಂತುರು ಮಳೆ, ತುಟಿಯ ಮೇಲೆ ಕಿರುನಗೆ, ಕೊನೆಯುಸಿರಲ್ಲಿ ಕಿರಿಮಗಳ ಹೆಸರು. ಕೆಳಗೆ ಓದುಗರ ಕಣ್ಣೀರಿನ ಹೊಳೆ. ಇಷ್ಟು ಚೆನ್ನಾಗಿ ಎಂದೂ ಬರೆದಿರಲಿಲ್ಲ ಎಂದು ಬೇರೆ ಹೊಗಳಿದ್ದರು.

"ರೀ! ಇದನ್ನ ಬರೆದಿದ್ದು ಯಾರು?"

ಗಂಡನ ಮುಖ ಅರಳಿತು. "ಗೊತ್ತೇ ಆಗಲ್ಲ ಅಲ್ವಾ? ನಿನ್ನ ಹಳೇದನ್ನೆಲ್ಲ ಎಐಗೆ ಓದಿಸಿ ದಿನಾ ಒಂದೊಂದು ಬರೆಸ್ದೆ. ನೀನು ಅಲ್ಲಿ ಇಲ್ಲಿ ಅಮ್ಮನ ಸುದ್ದಿ ಎತ್ತಿದ್ಯಲ್ಲ, ಅದನ್ನ ಹಿಡ್ಕೊಂಡು ಇದೂ ಬಂತು. ದಿನಾ ಬರೆಯೋ ಅಭ್ಯಾಸ ತಪ್ಪಬಾರದು ಅಂತ ನೀನೇ ಅಂತಿದ್ದೆ."

"ಯಾರ ಅಭ್ಯಾಸ ರೀ? ನಿಮ್ಮದಾ, ಆ ಮಿಷಿನ್ದಾ? ಕಲಿಯೋರನ್ನ ಪಕ್ಕದಲ್ಲಿ ಕೂರಿಸ್ಕೊಂಡು ನಾನೇ ಓಡಿಸಿ, ನಿಮಗೆ ಕಾರು ಬಂತು ಹೋಗಿ ಅಂತ ಕಳಿಸ್ಲಾ? ಬ್ಲಾಗ್ ತುಂಬಿಸೋಕೆ ಬರೀತಿದ್ದೆ ಅಂದ್ಕೊಂಡ್ರಾ? ಮುರಿದಿದ್ದು ನನ್ನ ಕೈ. ನಾನು ಸತ್ತಿರಲಿಲ್ಲ!"

ಗಂಡ ಮುಖ ಸಣ್ಣಗೆ ಮಾಡಿಕೊಂಡ. "ತಂಗಿ ಮಾತಾಡಿದ್ಲಲ್ಲ? ಸುಮ್ನಿದ್ಬಿಡು. ಯಾರಿಗೇನು ನಷ್ಟ?"

ಪಿತ್ತ ನೆತ್ತಿಗೇರಿದ್ದು ಈ ಮಾತಿಗೆ, ಯಾಕೆಂದರೆ ಅವಳ ಮನಸ್ಸೂ ಅದನ್ನೇ ಹೇಳುತ್ತಿತ್ತು. ಸುಮ್ಮನಿದ್ದರೆ ತಂಗಿ ಸಿಗುತ್ತಾಳೆ. ಬಾಯಿ ಬಿಟ್ಟರೆ ಮತ್ತೆ ಹೋಗುತ್ತಾಳೆ, ಈ ಸಲ ಅಮ್ಮನ ಮೇಲೂ ಮುನಿಸಿಕೊಂಡು. ಆದರೆ ತಂಗಿ ಮನಸ್ಸು ಕರಗಿಸಿಕೊಂಡದ್ದು ಇಲ್ಲದ ಅಕ್ಕನಿಗೆ, ಇಲ್ಲದ ಅಮ್ಮನಿಗೆ. ಅಮ್ಮ ಜನ್ಮದಲ್ಲಿ ಕಿರುನಗೆ ನಕ್ಕವಳಲ್ಲ. ನಕ್ಕರೆ ಪಕ್ಕದ ಮನೆಯವರು ಇಣುಕಿ ನೋಡಬೇಕು.

ಪ್ಲಾಸ್ಟರಿನೊಳಗೆ ಮರಗಟ್ಟಿ ಬೀಗ ಹಾಕಿದಂತಿದ್ದ ಬೆರಳುಗಳಿಂದಲೇ ಆ ಬರಹಗಳನ್ನೆಲ್ಲ ಅಳಿಸಿದಳು. ಇಷ್ಟು ದಿನ ಇಲ್ಲಿದ್ದದ್ದು ನನ್ನದಲ್ಲ ಎಂದು ಒಂದು ಸಾಲು ಹಾಕಿದಳು. ಆಮೇಲೆ ಬೇರೆ ಪುಟ ತೆರೆದು ಕೂತಳು. ಮೊದಲು ಬಂದದ್ದು ಬರೀ ಸಿಟ್ಟು, ಅಳಿಸಿದಳು. ಆಮೇಲೆ ಬಂದದ್ದು ಬರೀ ಬೆಣ್ಣೆ, ಅದನ್ನೂ ಅಳಿಸಿದಳು. ಕೊನೆಗೆ ಹಲ್ಲಿನ ಡಾಕ್ಟರನ್ನು ಬರೆದ ಹಾಗೆಯೇ ಅಮ್ಮನನ್ನು ಬರೆದಳು: ಫೋನ್ ಕಿತ್ತುಕೊಂಡ ಕೈ, ಅದರಲ್ಲಿ ಉಳಿದಿದ್ದ ಬಲ, ಹೇಳಿದ ಮಾತು, ಹೇಳಿದ ಮೇಲೆ ಫೋನನ್ನು ದಿಂಬಿನ ಕೆಳಗೆ ಅಡಗಿಸಿ ಗೋಡೆಯ ಕಡೆ ತಿರುಗಿಕೊಂಡದ್ದು. ಬ್ಲಾಗಿಗೆ ಹಾಕಲಿಲ್ಲ. ತಂಗಿಗೊಬ್ಬಳಿಗೇ ಕಳಿಸಿದಳು.

ಫೋನ್ ಬಂತು.

"ಹಾಗಾದ್ರೆ ಅದೆಲ್ಲ ಸುಳ್ಳಾ?"

"ಸುಳ್ಳು."

"ಅಮ್ಮ ಕರೀಬೇಡ ಅಂದ್ಲಾ?"

"ಅಂದ್ಲು."

"ಮತ್ತೆ ನನ್ನ ಕೈಲಿ ಬೈಸ್ಕೊಂಡು ಕೂತಿದ್ಯಲ್ಲ, ದೊಡ್ಡ ತ್ಯಾಗಮಯಿ! ಹೇಳೋಕೇನು ರೋಗ ಬಂದಿತ್ತು ನಿಂಗೆ?" ತಂಗಿ ಕೂಗಿದ ಕೂಗಿಗೆ ಆಚೆ ನಿಂತಿದ್ದ ಗಂಡನೂ ಬೆಚ್ಚಿದ.

"ಹೇಳೋಕೆ ಬರ್ತಿರಲಿಲ್ಲ ಕಣೇ. ಇವತ್ತು ಬಂತು."

ಆಮೇಲೆ ತಂಗಿ ಮೆಲ್ಲಗೆ ಅಂದಳು, "ದಿಂಬಿನ ಕೆಳಗೆ ಅಡಗಿಸಿದ್ಲಾ? ಥೇಟ್ ಅಮ್ಮ ಕಣೇ. ಬ್ಲಾಗಲ್ಲಿದ್ದದ್ದನ್ನ ಓದಿದಾಗ ಖುಷಿ ಆಗಿತ್ತು. ಇದನ್ನ ಓದಿದ್ರೆ ಅಮ್ಮನೇ ಬಂದು ಬೈದ ಹಾಗಿದೆ." ಹಾಗೆನ್ನುತ್ತಲೇ ಅವಳು ಅಳತೊಡಗಿದಳು.

"ಅಳ್ಬೇಡ್ವೇ" ಎಂದಳು ಅಕ್ಕ.

"ಬಾಯಿ ಮುಚ್ಕೊಂಡಿರು! ಅವತ್ತು ನೀವಿಬ್ರೂ ಸೇರ್ಕೊಂಡು ನನ್ನ ಅಳೋಕೆ ಬಿಡಲಿಲ್ಲ. ಇವತ್ತಾದ್ರೂ ಬಿಡಿ."

ಅಕ್ಕ ಬಾಯಿ ಮುಚ್ಚಿಕೊಂಡು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಮಣಿಕಟ್ಟು ಸಿಡಿಯುತ್ತಿತ್ತು, ಆದರೂ ಕೈ ಬದಲಾಯಿಸಲಿಲ್ಲ.